ಕೊಡಗಿನ ತೋಟಗಳ ಅಧ್ಯಯನ: ಈ ತಿಂಗಳ ಪ್ರಗತಿ

ಕೊಡಗಿನ ಕಾಫಿ ತೋಟಗಳಲ್ಲಿ ಗಂಡನ ಹಿಂಸೆಯನ್ನು ಅನುಭವಿಸಿದ ಮಹಿಳೆಯರನ್ನು ಮಾತನಾಡಿಸುವ ನಮ್ಮ ಅಧ್ಯಯನದಲ್ಲಿ ಪ್ರಶ್ನಾವಳಿ ಸಿದ್ಧವಾಗಿದೆ. ಆದರೆ ಎಲ್ಲಿ ಕುಳಿತು ಮಾತನಾಡಬೇಕೆಂಬುದು ಇತ್ಯರ್ಥವಾಗುವವರೆಗೆ ಯಾರನ್ನೂ ಸಂದರ್ಶಿಸಬಾರದೆಂದು ತೀರ್ಮಾನಿಸಿದ್ದೇವೆ.

ಕಾರ್ಮಿಕರು ವಾಸಿಸುವ ಲೈನ್ ಮನೆಗಳಲ್ಲಿ, ಅಂದರೆ ತೋಟದ ಸಾಲುಮನೆಗಳಲ್ಲಿ, ಎರಡು ಸಂಸಾರಗಳ ನಡುವೆ ಇರುವುದು ಒಂದೇ ಗೋಡೆ. ಹೊರಗಿನವರು ತೋಟಕ್ಕೆ ಕಾಲಿಟ್ಟ ಸುದ್ದಿ ಮೊದಲು ತೋಟದ ಗುಮಾಸ್ತನಾದ ರೈಟರಿಗೆ, ಸಂಜೆಯೊಳಗೆ ಗಂಡನಿಗೆ ತಲುಪುತ್ತದೆ. ದುಡಿಮೆಯೂ ಸೂರೂ ಒಂದೇ ತೋಟದ್ದಾಗಿರುವಾಗ, ಹೊರಬಿದ್ದ ಒಂದು ಮಾತಿನಿಂದ ಆಕೆ ಎರಡನ್ನೂ ಕಳೆದುಕೊಳ್ಳಬಹುದು. ಆದ್ದರಿಂದ ಮನೆಭೇಟಿಯನ್ನು ಪೂರ್ಣವಾಗಿ ಕೈಬಿಟ್ಟು, ಮಹಿಳೆಯರು ಹೇಗೂ ಬಂದುಹೋಗುವ ಆರೋಗ್ಯ ಕೇಂದ್ರದಲ್ಲಿ ಪ್ರತ್ಯೇಕ ಕೋಣೆಯೊಂದನ್ನು ಕೇಳಿದ್ದೇವೆ.

ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಹೊರತಂದ ಮಾರ್ಗಸೂಚಿಯಂತೆ, ಊರಿನವರಿಗೆ ಇದನ್ನು ಮಹಿಳೆಯರ ಆರೋಗ್ಯದ ಅಧ್ಯಯನವೆಂದೇ ಪರಿಚಯಿಸುತ್ತೇವೆ; ಒಂದು ಮನೆಯಿಂದ ಒಬ್ಬರನ್ನಷ್ಟೇ ಮಾತನಾಡಿಸುತ್ತೇವೆ; ಯಾರಾದರೂ ಒಳಬಂದರೆ ಮಾತನ್ನು ಮಕ್ಕಳ ಲಸಿಕೆಯತ್ತ ತಿರುಗಿಸುತ್ತೇವೆ. ಈ ಮರೆಮಾಚುವಿಕೆ ಸರಿಯೇ ಎಂದು ತಂಡದಲ್ಲಿ ಬಹಳ ಚರ್ಚೆಯಾಯಿತು. ಮಾತನಾಡುವ ಮಹಿಳೆಗೆ ನಿಜವಾದ ವಿಷಯವನ್ನು ಪೂರ್ತಿ ತಿಳಿಸಿ, ಅವರ ಒಪ್ಪಿಗೆ ಪಡೆದ ಮೇಲೆಯೇ ಮುಂದುವರಿಯುವುದಾದರೆ, ನೆರೆಹೊರೆಯವರಿಗೆ ಎಲ್ಲವನ್ನೂ ಹೇಳಲೇಬೇಕಾದ ಋಣ ನಮಗಿಲ್ಲವೆಂದು ನಾನು ನಂಬುತ್ತೇನೆ. ಒಪ್ಪಿಗೆಯೂ ಬಾಯಿಮಾತಿನದಾಗಿರಲೆಂದು ಅಧ್ಯಯನವನ್ನು ಪರಿಶೀಲಿಸುವ ನೈತಿಕ ಸಮಿತಿಯನ್ನು ಕೋರಿದ್ದೇವೆ, ಏಕೆಂದರೆ ಸಹಿ ಹಾಕಿದ ಕಾಗದವೇ ಅಪಾಯದ ಸಾಕ್ಷಿಯಾಗಬಲ್ಲದು. ಸಹಾಯದ ವಿವರಗಳುಳ್ಳ ಚೀಟಿಯನ್ನೂ ಕೊಡುವುದಿಲ್ಲ. ಮಹಿಳಾ ಸಹಾಯವಾಣಿಯ 181 ನೆನಪಿನಲ್ಲುಳಿಯುವ ಸಂಖ್ಯೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣಾಧಿಕಾರಿಯನ್ನು ಕಾಣುವ ಬಗೆಯನ್ನು ಬಾಯಲ್ಲೇ ವಿವರಿಸುತ್ತೇವೆ.

ಹೆಚ್ಚು ಕಾಡಿದ್ದು ವರದಿಯ ಬರವಣಿಗೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷದಷ್ಟು ಮಾತ್ರ. ಹೆಸರು ಬದಲಿಸಿದರೂ ಸಮುದಾಯ, ಮಕ್ಕಳ ಸಂಖ್ಯೆ, ಹೋಬಳಿ ಈ ಮೂರನ್ನು ಜೋಡಿಸಿದರೆ ಓದುವವರು ಆಕೆಯನ್ನು ಗುರುತಿಸಿಬಿಡುತ್ತಾರೆ. ಹಾಗೆಂದು ಸಮುದಾಯವನ್ನೇ ಅಳಿಸಿದರೆ, ಸ್ವಂತ ಭೂಮಿಯಿಲ್ಲದ ಎರವ ಬುಡಕಟ್ಟಿನ ಕುಟುಂಬದ ಮಹಿಳೆಗೆ ತೋಟ ಬಿಟ್ಟು ಹೋಗುವುದು ಏಕೆ ಇನ್ನಷ್ಟು ಕಷ್ಟವೆಂಬ ಮುಖ್ಯ ಸತ್ಯವೇ ಅಳಿಸಿಹೋಗುತ್ತದೆ. ಕೊನೆಗೆ, ಸಮುದಾಯದ ಚರ್ಚೆಯನ್ನು ಪ್ರತ್ಯೇಕ ಅಧ್ಯಾಯದಲ್ಲಿಟ್ಟು, ಯಾವ ಮಹಿಳೆಯ ಕಥನದೊಂದಿಗೂ ಅದನ್ನು ಜೋಡಿಸದಿರಲು ನಿರ್ಧರಿಸಿದೆವು. ತಾಲ್ಲೂಕಿನ ಹೆಸರನ್ನು ಇಲ್ಲಿಯೂ ಬರೆಯದಿರುವುದಕ್ಕೆ ಅದೇ ಕಾರಣ.

ಮುಂದಿನ ತಿಂಗಳು ಸಂದರ್ಶಕಿಯರ ತರಬೇತಿ. ಇಂಥ ಮಾತುಗಳನ್ನು ದಿನವಿಡೀ ಕೇಳಿ ಮನೆಗೆ ಮರಳುವ ಅವರಿಗೂ ಆಪ್ತಸಮಾಲೋಚಕಿಯ ನೆರವು ಬೇಕು; ಆ ನೆರವಿನ ಏರ್ಪಾಡಾದ ಮೇಲೆಯೇ ಮೊದಲ ಸಂದರ್ಶನದ ದಿನಾಂಕವನ್ನು ನಿಗದಿಪಡಿಸುತ್ತೇವೆ.