ಬೋರ್ಡಿನ ಮೇಲೆ ಬಂದ ಹಾಸನ

ಮಲ್ನಾಡ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಈಗ ಮಾಡುವ ಕೆಲಸ ಊರುಗಳ ಬಸ್ ಮಾರ್ಗ ಹಾಕಿಕೊಡುವುದು. ಇದಕ್ಕೆ ಕಾರಣ ನಮಗೆ ಗ್ರಾಫ್ ಥಿಯರಿ ಹೇಳಿಕೊಟ್ಟ ಮೇಡಂ.

ಗ್ರಾಫ್ ಅಂದರೆ ಚುಕ್ಕಿ, ಗೆರೆ, ಪರೀಕ್ಷೆಗೆ ಬರುವ ನಾಲ್ಕು ಪ್ರಮೇಯ ಅಂದುಕೊಂಡಿದ್ದೆವು. ಮೇಡಂ ಪಾಠ ಶುರು ಮಾಡಿದ್ದು ಕೋನಿಗ್ಸ್‌ಬರ್ಗ್ ಎಂಬ ಊರಿನಿಂದ. ಅಲ್ಲಿ ಏಳು ಸೇತುವೆ. ಪ್ರತಿಯೊಂದನ್ನೂ ಒಂದೇ ಸಲ ದಾಟಿ ಊರು ಸುತ್ತಬಹುದಾ? ಆಗಲ್ಲ ಅಂತ ಗಣಿತಜ್ಞ ಆಯ್ಲರ್ 1736ರಲ್ಲಿ ತೋರಿಸಿದ. "ಈ ಗಣಿತ ಹುಟ್ಟಿದ್ದೇ ಬೀದಿಯಲ್ಲಿ ಕಣ್ರೋ" ಅಂದರು.

ಆಮೇಲೆ ಬೋರ್ಡಿಗೆ ಹಾಸನ ಬಂತು. ಎನ್.ಆರ್. ಸರ್ಕಲ್ ಒಂದು ಚುಕ್ಕಿ, ಬಿ.ಎಂ. ರಸ್ತೆ ಒಂದು ಗೆರೆ, ಸಾಲಗಾಮೆ ರಸ್ತೆಯ ನಮ್ಮ ಕಾಲೇಜು ಇನ್ನೊಂದು ಚುಕ್ಕಿ. ಚುಕ್ಕಿಯಿಂದ ಚುಕ್ಕಿಗೆ ಅತಿ ಕಡಿಮೆಯ ದಾರಿ ಹುಡುಕಲು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನ ಹಿಡಿದು ದಾರಿ ಹುಡುಕಿ ಎಂದರು. ಗೆರೆಗಳ ಮೇಲೆ ನಾವು ಬರೆದದ್ದು ಕಿಲೋಮೀಟರು. ಅವರು ಅದನ್ನು ಅಳಿಸಿ ನಿಮಿಷ ಬರೆದರು. ಉತ್ತರವೇ ಬದಲಾಯಿತು. ಮತ್ತೆ ಅಳಿಸಿ, "ಮಂಡಿನೋವಿನ ಅಜ್ಜಿ ಎಷ್ಟು ದೂರ ನಡೀಬೇಕು, ಅದನ್ನ ಬರೀರಿ" ಅಂದರು. ಹಾಸನಾಂಬೆ ಬಾಗಿಲು ತೆರೆದಿರುವ ದಿನಗಳಲ್ಲಂತೂ ಅದೇ ಗೆರೆಗೆ ಬೇರೆಯೇ ಅಂಕಿ ಬೇಕು. ದಾರಿಯನ್ನು ಕಂಪ್ಯೂಟರ್ ಹುಡುಕುತ್ತದೆ, ಸರಿ. ಆದರೆ ಗೆರೆಯ ಮೇಲೆ ಯಾವ ಅಂಕಿ ಬರೆಯಬೇಕು ಅನ್ನುವುದನ್ನು ಊರು ಬಲ್ಲವರೇ ಹೇಳಬೇಕು. ನನ್ನ ಕೆಲಸದ ಜೀವ ಇರುವುದು ಇಲ್ಲೇ.

ಅದಕ್ಕೇ ಮೇಡಂ ನಗರ ಯೋಜನೆ ಕಲಿಸುತ್ತಿದ್ದ ಸಿವಿಲ್ ವಿಭಾಗದ ಸರ್ ಅವರನ್ನು ನಮ್ಮ ತರಗತಿಗೆ ಕರೆತಂದರು. ಬ್ರೇಸ್ ಎಂಬ ಗಣಿತಜ್ಞ 1968ರಲ್ಲಿ ಹೇಳಿದ ಸಂಗತಿಯನ್ನು ಅವರಿಂದಲೇ ಮೊದಲು ಕೇಳಿದ್ದು. ಕೆಲವು ಸಲ ಹೊಸ ರಸ್ತೆ ಮಾಡಿದರೆ ಎಲ್ಲರಿಗೂ ತಡವೇ ಜಾಸ್ತಿ ಆಗುತ್ತದೆ. ಪ್ರತಿಯೊಬ್ಬರೂ ತಮಗೆ ಬೇಗ ಅನಿಸಿದ ದಾರಿಗೇ ನುಗ್ಗುತ್ತಾರಲ್ವಾ, ಅದರಿಂದ. ಆವತ್ತು ರಾತ್ರಿ ಹಾಸ್ಟೆಲಿನಲ್ಲಿ ಅದನ್ನೇ ಪ್ರೋಗ್ರಾಂ ಬರೆದು ನೋಡಿದೆ. ಹೊಸ ಗೆರೆ ಸೇರಿಸಿದ ಕೂಡಲೇ ಎಲ್ಲರ ನಿಮಿಷವೂ ಏರಿತು. ಖುಷಿಗೆ ನಿದ್ದೆ ಬರಲಿಲ್ಲ.

ಅಮೆರಿಕದ ಎಂಐಟಿ 2018ರಲ್ಲಿ ಕಂಪ್ಯೂಟರ್ ಸೈನ್ಸ್, ನಗರ ಯೋಜನೆ ಈ ಎರಡನ್ನೂ ಸೇರಿಸಿ ಪದವಿ ಕೋರ್ಸ್ ತೆರೆಯಿತು. ಸುದ್ದಿ ಓದಿದಾಗ ನಮ್ಮ ಮೇಡಂ ಬಗ್ಗೆ ತುಂಬಾ ಹೆಮ್ಮೆ ಅನಿಸಿತು.

ಈಗ ಓದುತ್ತಿರುವ ತಮ್ಮ ತಂಗಿಯರಲ್ಲಿ ಒಂದು ಕೇಳಿಕೆ. ಹಾಸನದ ಸಿಟಿ ಬಸ್ ನಿಲ್ಲುವ ಜಾಗಗಳನ್ನೆಲ್ಲ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಇಂಟರ್ನೆಟ್ ನಕ್ಷೆಯಲ್ಲಿ ಗುರುತಿಸಿ. ಅದನ್ನು ಯಾರು ಬೇಕಾದರೂ ತಿದ್ದಬಹುದು, ದುಡ್ಡು ಬೇಡ. ಗುರುತಿಸುವಾಗ ಅಲ್ಲಿ ಕಾಯುತ್ತಿರುವವರನ್ನು ಮಾತಾಡಿಸಿ. ಗಾರ್ಮೆಂಟ್ಸ್‌ನಿಂದ ಬರುವ ಹೆಣ್ಣುಮಕ್ಕಳು ಕತ್ತಲಲ್ಲಿ ಎಷ್ಟು ದೂರ ನಡೆಯುತ್ತಾರೆ ಅಂತ ಕೇಳಿ ಬರೆದಿಡಿ. ಸಿವಿಲ್‌ನವರನ್ನೂ ಜೊತೆಗೆ ಕರೆದುಕೊಳ್ಳಿ. ಲೆಕ್ಕ ಹಾಕಲು ನಾನು ಬರುತ್ತೇನೆ.