ಅಣ್ಣಾ, ಈ ಸಲ ಕಪ್ ಯಾರಿಗೆ?

ಕೊಡಗಿನ ಸಿದ್ದಾಪುರದಲ್ಲಿ ನನ್ನದೊಂದು ಸಣ್ಣ ಸ್ಪೋರ್ಟ್ಸ್ ಅಂಗಡಿ ಇದೆ. ಹಾಕಿ ಸ್ಟಿಕ್, ಶಟಲ್, ಕೇರಂ ಪೌಡರ್ ಮಾರುತ್ತೇನೆ. ಜೆರ್ಸಿಗೆ ಹೆಸರು, ನಂಬರ್ ಹಾಕಿಕೊಡುತ್ತೇನೆ. ಫುಟ್‌ಬಾಲ್ ವಿಶ್ವಕಪ್ ಹತ್ತಿರ ಬಂತು ಅಂದರೆ ಸಾಮಾನು ಕೇಳುವವರಿಗಿಂತ ಭವಿಷ್ಯ ಕೇಳುವವರೇ ಜಾಸ್ತಿ. ಹುಡುಗರದ್ದು ಒಂದೇ ಪ್ರಶ್ನೆ: ‘ಅಣ್ಣಾ, ಈ ಸಲ ಕಪ್ ಯಾರಿಗೆ?’ ಸ್ವಲ್ಪ ಆಟ ತಿಳಿದವರದ್ದು ಇನ್ನೊಂದು: ‘ಇಂಗ್ಲೆಂಡಿನ ಪ್ರೀಮಿಯರ್ ಲೀಗೇ ಜಗತ್ತಿಗೆ ನಂಬರ್ ಒನ್ ಅಂತೀರಲ್ಲ, ಮತ್ತೆ ಇಂಗ್ಲೆಂಡ್ ಯಾಕೆ ಗೆಲ್ಲಲ್ಲ?’

ಮೊದಲನೆಯದಕ್ಕೆ ನನ್ನ ಉತ್ತರ ಸ್ಪೇನ್. ಆದರೆ ಇದನ್ನು ನಂಬಿ ಯಾರೂ ಬಾಜಿ ಕಟ್ಟಬೇಡಿ. ಸ್ಪೇನ್ ಕಪ್ ಗೆಲ್ಲದೇ ಇರುವ ಸಾಧ್ಯತೆಯೇ ಜಾಸ್ತಿ ಅಂತಲೂ ನಾನೇ ಹೇಳುತ್ತೇನೆ. ಎರಡು ನಾಲಿಗೆ ಅಂತ ಬೈಯಬೇಡಿ, ಲೆಕ್ಕ ಕೇಳಿ.

2026ರಲ್ಲಿ ಆಡುವುದು 48 ತಂಡಗಳು. ಮೊದಲು 32 ಇದ್ದವು. ಗುಂಪಿನ ಪಂದ್ಯ ಮುಗಿದ ಮೇಲೆ ಕಪ್ ಎತ್ತಬೇಕಾದರೆ ಈಗ ಐದು ನಾಕೌಟ್ ಗೆಲ್ಲಬೇಕು, ಮೊದಲು ನಾಲ್ಕು ಸಾಕಿತ್ತು. ಸ್ಪೇನ್ ಯಾರ ಎದುರು ಆಡಿದರೂ ಹತ್ತರಲ್ಲಿ ಏಳು ಸಲ ಗೆಲ್ಲುವಷ್ಟು ಗಟ್ಟಿ ಅಂತಲೇ ಇಟ್ಟುಕೊಳ್ಳಿ. ಕ್ವಾರ್ಟರ್ ಫೈನಲ್, ಸೆಮಿಫೈನಲ್‌ನಲ್ಲಿ ಸಿಗುವ ಎದುರಾಳಿಗಳನ್ನು ನೋಡಿದರೆ ಇದು ಧಾರಾಳವಾದ ಲೆಕ್ಕ. ಆದರೂ 0.7ನ್ನು ಐದು ಸಲ ಗುಣಿಸಿದರೆ ಬರುವುದು ಶೇ 17ಕ್ಕಿಂತ ಕಡಿಮೆ. ಅಂದರೆ ಆರರಲ್ಲಿ ಒಂದು. ನಾಲ್ಕೇ ನಾಕೌಟ್ ಇದ್ದಾಗ ಇದೇ ಲೆಕ್ಕ ಶೇ 24 ಕೊಡುತ್ತಿತ್ತು. ತಂಡ ಹೆಚ್ಚಿದಷ್ಟೂ ಭವಿಷ್ಯ ಹೇಳುವವನ ಮಾನ ಹೋಗುವುದು ಹೆಚ್ಚು.

ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ನಮ್ಮ ಕೊಡವ ಕೌಟುಂಬಿಕ ಹಾಕಿಯನ್ನೇ ನೋಡಿ. 2024ರಲ್ಲಿ ನಾಪೋಕ್ಲುವಿಗೆ 360 ತಂಡ ಬಂದಿದ್ದವು. ಅಪ್ಪ, ಮಗಳು, ಚಿಕ್ಕಪ್ಪ ಎಲ್ಲ ಸೇರಿ ಆಡುವ ಒಕ್ಕದ (ಮನೆತನದ) ಎದುರು, ಭಾರತಕ್ಕೆ ಆಡಿದವರು ಇರುವ ಒಕ್ಕ ಟೈಬ್ರೇಕರ್‌ನಲ್ಲಿ ಸೋತರೆ ಗ್ಯಾಲರಿಯಲ್ಲಿ ಯಾರೂ ಬಿದ್ದು ಹೋಗುವುದಿಲ್ಲ. ನಾಕೌಟ್ ಅಂದರೆ ಹಾಗೇ. ಆದರೆ ಅದೇ ಜನ ಫುಟ್‌ಬಾಲ್‌ಗೆ ಬಂದ ತಕ್ಷಣ ‘ರ್‍ಯಾಂಕಿಂಗ್ ನೋಡಿ ಹೇಳಿ ಅಣ್ಣಾ’ ಅಂತಾರೆ!

ಸರಿ, ರ್‍ಯಾಂಕಿಂಗನ್ನೇ ನೋಡೋಣ. ಫಿಫಾ ರ್‍ಯಾಂಕಿಂಗ್ ಶುರುವಾದದ್ದು 1992ರ ಕೊನೆಯಲ್ಲಿ. ಅಲ್ಲಿಂದ 2022ರ ತನಕ ಒಂದನೇ ಸ್ಥಾನದಲ್ಲಿದ್ದುಕೊಂಡು ವಿಶ್ವಕಪ್‌ಗೆ ಹೋದ ಒಂದು ತಂಡವೂ ಕಪ್ ತಂದಿಲ್ಲ. 2014ರಲ್ಲಿ ಸ್ಪೇನ್, 2018ರಲ್ಲಿ ಜರ್ಮನಿ ಮೊದಲ ಸುತ್ತೇ ದಾಟಲಿಲ್ಲ. 2022ರಲ್ಲಿ ಬ್ರೆಜಿಲ್ ಕ್ವಾರ್ಟರ್ ಫೈನಲ್‌ನಲ್ಲಿ ಕ್ರೊಯೇಷಿಯಾಕ್ಕೆ ಪೆನಾಲ್ಟಿಯಲ್ಲಿ ಸೋತಿತು. 2010ರಲ್ಲಿ ಎಂಟು ಪಂದ್ಯಕ್ಕೆ ಎಂಟರ ಭವಿಷ್ಯವನ್ನೂ ಸರಿ ಹೇಳಿದ್ದು ಜರ್ಮನಿಯ ಪಾಲ್ ಅನ್ನೋ ಆಕ್ಟೋಪಸ್. ಅದರಲ್ಲಿ ಮಂತ್ರ ತಂತ್ರ ಏನಿಲ್ಲ. ಸುಮ್ನೆ ನಾಣ್ಯ ಚಿಮ್ಮಿಸಿದರೂ 256 ಜನರಲ್ಲಿ ಒಬ್ಬನಿಗೆ ಎಂಟೂ ಸರಿ ಬರುತ್ತದೆ. ತಪ್ಪು ಹೇಳಿದ ಮಿಕ್ಕ ಪ್ರಾಣಿಗಳ ಫೋಟೋ ಯಾರೂ ಪೇಪರಿನಲ್ಲಿ ಹಾಕುವುದಿಲ್ಲ, ಅಷ್ಟೇ.

ಇನ್ನು ಲೀಗಿನ ವಿಷಯ. ಜಗಳ ನಿಜವಾಗಿ ಕಾಯುವುದು ಇಲ್ಲೇ.

ನಮ್ಮಲ್ಲಿಗೆ ಬರುವ ಒಬ್ಬರು ಇಕ್ಕ (ಅಣ್ಣ ಅಂತ ಅರ್ಥ) ಇದ್ದಾರೆ, ಪಕ್ಕಾ ಬ್ರೆಜಿಲ್ ಅಭಿಮಾನಿ. ಅವರ ಮಾತು ಹೀಗೆ: ‘ಅರ್ಜೆಂಟೀನಾದ ಲೀಗಿನಲ್ಲಿ ಏನಿದೆ ಮಾರಾಯ? ನಮ್ಮ ಕ್ಲಬ್‌ಗಳ ಮುಂದೆ ಅವು ನಿಲ್ಲುತ್ತವಾ?’ ಆ ‘ನಮ್ಮ’ ಅನ್ನೋದು ಫ್ಲಮೆಂಗೊ, ಪಾಲ್ಮೇರಸ್‌ಗೆ! ಆದರೆ ಮಾತು ಸುಳ್ಳಲ್ಲ. ದಕ್ಷಿಣ ಅಮೆರಿಕದ ಕ್ಲಬ್‌ಗಳ ದೊಡ್ಡ ಕಪ್ ಕೋಪಾ ಲಿಬರ್ಟಡೋರೆಸ್. 2019ರಿಂದ 2025ರ ತನಕ ಒಂದು ವರ್ಷವೂ ಬಿಡದೆ ಅದನ್ನು ಗೆದ್ದದ್ದು ಬ್ರೆಜಿಲಿನ ಕ್ಲಬ್‌ಗಳೇ. 2025ರ ಕ್ಲಬ್ ವಿಶ್ವಕಪ್‌ನಲ್ಲಿ ಆಗಷ್ಟೇ ಯುರೋಪ್ ಚಾಂಪಿಯನ್ ಆಗಿದ್ದ ಪ್ಯಾರಿಸ್ ಸೇಂಟ್ ಜರ್ಮೇನನ್ನು ಬೊಟಾಫೊಗೊ ಸೋಲಿಸಿತು. ಚೆಲ್ಸಿಗೆ ಫ್ಲಮೆಂಗೊ ಮೂರು ಗೋಲು ಹೊಡೆಯಿತು. ಲೀಗ್ ಅಂತ ನೋಡಿದರೆ ಇಕ್ಕ ಹೇಳುವುದು ನೂರಕ್ಕೆ ನೂರು ಸರಿ.

ಅದೇ ವರ್ಷಗಳಲ್ಲಿ ದೇಶದ ತಂಡಗಳು ಏನು ಮಾಡಿದವು? ದಕ್ಷಿಣ ಅಮೆರಿಕದ ದೇಶಗಳ ಕಪ್ ಕೋಪಾ ಅಮೆರಿಕ 2021ರಲ್ಲಿ ಅರ್ಜೆಂಟೀನಾಕ್ಕೆ, ಅದೂ ಬ್ರೆಜಿಲಿನ ಮರಕಾನಾದಲ್ಲೇ. 2022ರ ವಿಶ್ವಕಪ್ ಅರ್ಜೆಂಟೀನಾಕ್ಕೆ. 2024ರ ಕೋಪಾ ಅಮೆರಿಕನೂ ಅರ್ಜೆಂಟೀನಾಕ್ಕೆ. ಬ್ರೆಜಿಲ್ 2026ರ ಅರ್ಹತಾ ಸುತ್ತಿನಲ್ಲಿ ಬಂದದ್ದು ಐದನೇ ಸ್ಥಾನಕ್ಕೆ. ಕತಾರ್‌ನಲ್ಲಿ ಕಪ್ ಗೆದ್ದ ಅರ್ಜೆಂಟೀನಾದ 26 ಜನರಲ್ಲಿ ಸ್ವಂತ ದೇಶದ ಲೀಗಿನಲ್ಲಿ ಆಡುತ್ತಿದ್ದವನು ಒಬ್ಬನೇ, ರಿವರ್ ಪ್ಲೇಟ್‌ನ ಗೋಲ್ ಕೀಪರ್ ಅರ್ಮಾನಿ. ಅವನು ಬೆಂಚಿನಲ್ಲಿ ಕೂತಿದ್ದ. ಮಿಕ್ಕ 25 ಜನ ಹೊರದೇಶದ ಕ್ಲಬ್‌ಗಳವರು.

ಇದನ್ನು ಹೇಳಿದರೆ ಇಕ್ಕ ಚಹಾ ಕುಡಿದು ಸುಮ್ಮನಾಗುತ್ತಾರೆ ಅಂದುಕೊಳ್ಳಬೇಡಿ. ‘ಹಾಗಾದರೆ ಲೀಗ್ ಲೆಕ್ಕಕ್ಕೇ ಇಲ್ವಾ?’ ಅಂತ ಹಿಡಿದುಕೊಳ್ಳುತ್ತಾರೆ. ಲೆಕ್ಕಕ್ಕೆ ಇದೆ ಇಕ್ಕ. ಆದರೆ ಲೀಗ್ ಯಾವ ದೇಶದಲ್ಲಿದೆ ಅಂತ ನೋಡುವುದನ್ನು ಬಿಟ್ಟು, ಆಟಗಾರ ವಾರ ವಾರ ಎಲ್ಲಿ ಆಡ್ತಾನೆ, ಯಾರ ಜೊತೆ ಆಡ್ತಾನೆ ಅಂತ ನೋಡಬೇಕು.

ಇಂಗ್ಲೆಂಡಿನ ಉತ್ತರವೂ ಇದರಲ್ಲೇ ಇದೆ. ಪ್ರೀಮಿಯರ್ ಲೀಗ್ 1992ರಲ್ಲಿ ಶುರುವಾದಾಗ ಮೊದಲ ವಾರ ಎಲ್ಲ ತಂಡಗಳ ಆಡುವ ಹನ್ನೊಂದರಲ್ಲಿ ಸೇರಿ ಬ್ರಿಟನ್, ಐರ್ಲೆಂಡಿನ ಹೊರಗಿನವರು ಇದ್ದದ್ದು 13 ಜನ. ಈಗ ಇಂಗ್ಲಿಷರೇ ಮೂರರಲ್ಲಿ ಒಂದು ಪಾಲಿನ ಆಸುಪಾಸು. ಟಿವಿ ದುಡ್ಡು ಬಂತು, ಆ ದುಡ್ಡಿಗೆ ಜಗತ್ತಿನ ಆಟಗಾರರು ಬಂದರು, ಆಟ ಚೆನ್ನಾಯಿತು. ಲೀಗ್ ಒಳ್ಳೆಯದಾದದ್ದೇ ಹೊರಗಿನವರಿಂದ. 2023ರಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಕಪ್ ತಂದ ಆ ಒಂದೇ ಗೋಲು ಸ್ಪೇನಿನ ರೋಡ್ರಿಯದ್ದು. 2024ರ ಯೂರೊ (ಯುರೋಪಿನ ದೇಶಗಳ ಕಪ್) ಫೈನಲ್‌ನಲ್ಲಿ 86ನೇ ನಿಮಿಷದಲ್ಲಿ ಇಂಗ್ಲೆಂಡನ್ನು ಮುಗಿಸಿದ ಗೋಲಿಗೆ ಪಾಸ್ ಕೊಟ್ಟವನು ಕುಕುರೆಯಾ. ಅವನ ಕ್ಲಬ್ ಯಾವುದು? ಲಂಡನ್ನಿನ ಚೆಲ್ಸಿ. ಇಂಗ್ಲೆಂಡಿನ ದುಡ್ಡಿನಲ್ಲಿ ಪಳಗಿ ಇಂಗ್ಲೆಂಡನ್ನೇ ಸೋಲಿಸಿ ಹೋದ.

ಇದಕ್ಕಿಂತ ಚಂದದ ಕಥೆ 2002ರದ್ದು. ಚಾಂಪಿಯನ್ ಫ್ರಾನ್ಸನ್ನು ಮೊದಲ ಪಂದ್ಯದಲ್ಲೇ ಸೆನೆಗಲ್ 1-0 ಗೋಲಿನಿಂದ ಬಡಿಯಿತು. ಸೆನೆಗಲ್‌ನ 23 ಜನರಲ್ಲಿ 21 ಮಂದಿ ಆಡುತ್ತಿದ್ದುದು ಫ್ರಾನ್ಸಿನ ಕ್ಲಬ್‌ಗಳಲ್ಲಿ. ಫ್ರಾನ್ಸಿನ ದೊಡ್ಡ ದೊಡ್ಡ ಆಟಗಾರರಲ್ಲಿ ಹೆಚ್ಚಿನವರು ಇಂಗ್ಲೆಂಡ್, ಇಟಲಿ, ಸ್ಪೇನಿನಲ್ಲಿ. ಅವತ್ತು ಫ್ರೆಂಚ್ ಲೀಗ್ ಗೆದ್ದಿತಾ ಸೋತಿತಾ, ನೀವೇ ಹೇಳಿ.

ಹಾಗಂತ ಇಂಗ್ಲೆಂಡನ್ನು ತೀರಾ ಹೀಯಾಳಿಸುವುದೂ ತಪ್ಪು. 1966ರ ನಂತರ ಕಪ್ ಇಲ್ಲ ನಿಜ. ಆದರೆ ಯೂರೊದಲ್ಲಿ ಬೆನ್ನು ಬೆನ್ನಿಗೆ ಎರಡು ಫೈನಲ್ ಆಡಿದ್ದಾರೆ, ಒಂದು ಪೆನಾಲ್ಟಿಯಲ್ಲಿ ಹೋಯಿತು. ನಾಕೌಟ್ ಲೆಕ್ಕ ಮೇಲೇ ಹೇಳಿದ್ದೇನೆ. ಈಗ ಅವರ ಕೋಚ್ ಕೂಡ ಜರ್ಮನಿಯ ಟುಖೆಲ್. ಆಟಗಾರರನ್ನು ತರಿಸಿದ್ದಾಯಿತು, ಕೋಚನ್ನೂ ತರಿಸಿದ್ದಾಯಿತು.

ಸ್ವಂತ ಲೀಗಿನವರನ್ನೇ ಕಟ್ಟಿಕೊಂಡು ಗೆದ್ದವರು ಇಲ್ಲವೇ? ಇದ್ದಾರೆ. 2006ರ ಇಟಲಿಯ 23 ಜನರೂ ಇಟಲಿಯ ಲೀಗಿನವರೇ. 2010ರ ಸ್ಪೇನಿನಲ್ಲಿ ಹೊರಗೆ ಆಡುತ್ತಿದ್ದವರು ಮೂವರು ಮಾತ್ರ. ಅಲ್ಲಿ ಕೆಲಸ ಮಾಡಿದ್ದು ಒಟ್ಟಿಗೆ ಆಡಿದ ಅಭ್ಯಾಸ. ಆಟಗಾರ ಶಾವಿ, ಜೊತೆಗಾರ ಇನಿಯೆಸ್ಟಾ ಎಲ್ಲಿ ಬರ್ತಾನೆ ಅಂತ ತಿರುಗಿ ನೋಡಬೇಕಾಗಿರಲಿಲ್ಲ, ಬಾರ್ಸಿಲೋನಾದಲ್ಲಿ ದಿನಾ ಮಾಡುವುದೇ ಅದು. ಇದೇ ದಾರಿಯ ಇನ್ನೊಂದು ತುದಿ 2022ರಲ್ಲಿ ಕಂಡಿತು. ಆ ಸಲ 26ಕ್ಕೆ 26 ಜನರನ್ನೂ ಸ್ವಂತ ಲೀಗಿನಿಂದ ತಂದವರು ಇಬ್ಬರೇ, ಸೌದಿ ಅರೇಬಿಯಾ ಮತ್ತು ಕತಾರ್. ಸೌದಿ ಮೊದಲ ಪಂದ್ಯದಲ್ಲಿ ಅರ್ಜೆಂಟೀನಾವನ್ನೇ ಸೋಲಿಸಿತು, ಆಮೇಲೆ ಎರಡು ಸೋತು ಮನೆಗೆ ಹೋಯಿತು. ಕತಾರ್ ಮೂರೂ ಸೋತಿತು.

ಇಟಲಿಯನ್ನು ಹಿಡಿದುಕೊಂಡು ಭವಿಷ್ಯ ಹೇಳಲು ಹೋದವರ ಕಥೆ ಕೇಳಲೇಬೇಡಿ. 2018ಕ್ಕೆ ಅರ್ಹತೆಯೇ ಸಿಗಲಿಲ್ಲ. 2021ರಲ್ಲಿ ಯೂರೊ ಗೆದ್ದರು. ಮರು ವರ್ಷ ಉತ್ತರ ಮ್ಯಾಸಿಡೋನಿಯಾಕ್ಕೆ ಸೋತು ಮತ್ತೆ ವಿಶ್ವಕಪ್‌ಗೆ ಹೋಗಲಿಲ್ಲ. ಲೀಗ್ ಅದೇ, ಹೆಚ್ಚುಕಮ್ಮಿ ಆಟಗಾರರೂ ಅವರೇ!

ಸಣ್ಣ ದೇಶಗಳನ್ನು ನೋಡಿದರೆ ಲೀಗಿನ ವಾದ ಇನ್ನೂ ಸಡಿಲಾಗುತ್ತದೆ. 2011ರ ಜನಗಣತಿಯಲ್ಲಿ ನಮ್ಮ ಕೊಡಗಿನ ಜನಸಂಖ್ಯೆ 5.54 ಲಕ್ಷ. ಕೇಪ್ ವರ್ಡೆ ಅನ್ನೋ ದ್ವೀಪ ದೇಶದ್ದು ಹೆಚ್ಚುಕಮ್ಮಿ ಅಷ್ಟೇ, 2026ಕ್ಕೆ ಅರ್ಹತೆ ಪಡೆದಿದೆ. ಸ್ಪೇನ್ ಇರುವ ಗುಂಪಿನಲ್ಲೇ ಇದೆ. ಕುರಸಾವ್ ಅಂತ ಇನ್ನೊಂದಿದೆ, ಅಲ್ಲಿ ಒಂದೂವರೆ ಲಕ್ಷದಷ್ಟು ಜನ. ಅದೂ ಬಂದಿದೆ. ಇವರ ಸ್ವಂತ ಲೀಗನ್ನು ಯಾರೂ ಟಿವಿಯಲ್ಲಿ ನೋಡಿರಲಿಕ್ಕಿಲ್ಲ. ಕುರಸಾವ್‌ನವರು ಬಹುತೇಕ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ ಬೆಳೆದವರು. ಕೇಪ್ ವರ್ಡೆಯ ಡಿಫೆಂಡರ್ ರಾಬರ್ಟೊ ಲೋಪೆಸ್ ಡಬ್ಲಿನ್‌ನಲ್ಲಿ ಹುಟ್ಟಿದವನು, ಅಪ್ಪನ ಊರು ಕೇಪ್ ವರ್ಡೆ. ಅವನನ್ನು ತಂಡಕ್ಕೆ ಕರೆದದ್ದು ಲಿಂಕ್ಡ್‌ಇನ್‌ನಲ್ಲಿ. ಮೆಸೇಜ್ ಪೋರ್ಚುಗೀಸಿನಲ್ಲಿ ಇತ್ತು ಅಂತ ಅವನು ಸ್ಪ್ಯಾಮ್ ಅಂದುಕೊಂಡು ತಿಂಗಳುಗಟ್ಟಲೆ ಬಿಟ್ಟಿದ್ದ!

ಹಾಗಾದರೆ ಸ್ಪೇನ್ ಯಾಕೆ ಅಂದೆ? ಅವರ ಲೀಗ್ ನೋಡಿ ಅಲ್ಲ. ಕೋಚ್ ಡೆ ಲಾ ಫುಯೆಂತೆ 2015ರಲ್ಲಿ 19ರ ಕೆಳಗಿನವರ ತಂಡಕ್ಕೆ, 2019ರಲ್ಲಿ 21ರ ಕೆಳಗಿನವರ ತಂಡಕ್ಕೆ ಯುರೋಪ್ ಕಪ್ ಗೆಲ್ಲಿಸಿದವರು. ರೋಡ್ರಿ, ಮೆರಿನೊ, ಗೋಲ್ ಕೀಪರ್ ಉನಾಯ್ ಸಿಮೋನ್ 2015ರಲ್ಲೇ ಅವರ ಕೈಕೆಳಗೆ ಆಡಿದವರು. ಕ್ಲಬ್ ಬೇರೆ ಬೇರೆ ಆದರೂ ಆಟದ ಪಾಠ ಒಂದೇ. 2024ರ ಯೂರೊದಲ್ಲಿ ಏಳಕ್ಕೆ ಏಳೂ ಗೆದ್ದರು. ಅದಕ್ಕೆ ಯಮಾಲ್‌ನಂಥ ಹುಡುಗ ಸೇರಿದ್ದಾನೆ. ಎರಡನೇ ಹೆಸರು ಕೇಳಿದರೆ ಫ್ರಾನ್ಸ್ ಅನ್ನುತ್ತೇನೆ. ಹಿಂದಿನ ಎರಡೂ ಫೈನಲ್ ಆಡಿದವರನ್ನು ಬಿಡುವ ಧೈರ್ಯ ನನಗಿಲ್ಲ. ಅಂದ ಹಾಗೆ ಫೈನಲ್ ನಮಗೆ ಜುಲೈ 19ರ ರಾತ್ರಿ 12.30ಕ್ಕೆ. ಜೋರು ಮಳೆಯ ಕಕ್ಕಡ ತಿಂಗಳು ಹಿಡಿದಿರುತ್ತದೆ, ಕರೆಂಟು ಹೋಗುವುದು ಗ್ಯಾರಂಟಿ. ನನ್ನ ಭವಿಷ್ಯಗಳಲ್ಲಿ ಇದೊಂದಕ್ಕೆ ಬೇಕಾದರೆ ಬಾಜಿ ಕಟ್ಟಬಹುದು.

ಮಾತು ಕೊನೆಗೆ ಬಂದು ನಿಲ್ಲುವುದು ನಮ್ಮ ದೇಶದ ಮೇಲೆ. ‘ಐಎಸ್‌ಎಲ್ ಬಂದು ಇಷ್ಟು ವರ್ಷ ಆಯ್ತು, ಭಾರತ ಯಾಕೆ ಹೀಗೆ?’ 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾದಾಗ ಮೈದಾನದಲ್ಲಿ ಒಂದು ತಂಡಕ್ಕೆ ಆರು ಮಂದಿ ವಿದೇಶಿಯರು ಇರಬಹುದಿತ್ತು. 2017ರಲ್ಲಿ ಅದು ಐದಾಯಿತು, 2021ರಲ್ಲಿ ನಾಲ್ಕು. ಪಂದ್ಯ ನೋಡಲು ಚೆನ್ನಾಗಿರಬೇಕಲ್ಲ, ಕ್ಲಬ್‌ಗಳು ಆ ಜಾಗಗಳನ್ನು ಗೋಲು ಹೊಡೆಯುವವರಿಗೇ ಕೊಟ್ಟವು. ನಮ್ಮ ಹುಡುಗರು ಬ್ಯಾಕ್‌ನಲ್ಲಿ, ವಿಂಗ್‌ನಲ್ಲಿ ಆಡಿ ಬೆಳೆದರು. ಎದುರಾಳಿ ಗೋಲಿನ ಮುಂದೆ ನಿಂತು ಗೋಲು ಹೊಡೆಯುವ ಸೆಂಟರ್ ಫಾರ್ವರ್ಡ್, ಅಂದರೆ ಒಂಬತ್ತನೇ ನಂಬರಿನವನು, ಬೆಳೆಯಲಿಲ್ಲ. ಸುನಿಲ್ ಛೆಟ್ರಿ 2024ರ ಜೂನ್‌ನಲ್ಲಿ ನಿವೃತ್ತಿ ಆದರು. 2025ರ ಮಾರ್ಚ್‌ನಲ್ಲಿ, 40ನೇ ವಯಸ್ಸಿನಲ್ಲಿ, ಮತ್ತೆ ಕರೆದು ಆಡಿಸಿದರು. ಬಂದ ಪಂದ್ಯದಲ್ಲೇ ಮಾಲ್ಡೀವ್ಸ್ ಎದುರು ಗೋಲೂ ಹೊಡೆದರು. ಅವರ ಬಗ್ಗೆ ಹೆಮ್ಮೆ ಇದೆ, ಆದರೆ ಒಂದು ಲೀಗ್ ಹತ್ತು ವರ್ಷ ನಡೆದ ಮೇಲೂ ಅವರನ್ನೇ ಕರೆಯಬೇಕಾಯಿತು ಅಲ್ವಾ? ಅದೇ ವರ್ಷ ಸಿಂಗಪುರಕ್ಕೆ ಗೋವಾದಲ್ಲಿ ಸೋತು 2027ರ ಏಷ್ಯಾ ಕಪ್ ಬಾಗಿಲೂ ಮುಚ್ಚಿತು.

ನನ್ನ ಅಂಗಡಿಯಲ್ಲಿ ನಂಬರ್‌ಗಳನ್ನು ವಿನೈಲ್ ಶೀಟಿನಲ್ಲಿ ಕತ್ತರಿಸಿ, ಬೇಡದ ಅಂಚು ಸೂಜಿಯಲ್ಲಿ ಕಿತ್ತು, ಡಬ್ಬಿಗಳಲ್ಲಿ ಬೇರೆ ಬೇರೆ ಇಟ್ಟಿರುತ್ತೇನೆ. ಮೊದಲು ಖಾಲಿಯಾಗುವುದು ಯಾವತ್ತೂ ಒಂದು ಮತ್ತು ಸೊನ್ನೆ, ಎಲ್ಲರಿಗೂ ಹತ್ತೇ ಬೇಕು. ಆಮೇಲೆ ಏಳು. ನಾರ್ವೆಯ ಆಟಗಾರ ಹಾಲೆಂಡ್ ಬಂದ ಮೇಲೆ ಒಂಬತ್ತಕ್ಕೂ ಸ್ವಲ್ಪ ಬೇಡಿಕೆ ಇದೆ. ಭಾರತದ ಜೆರ್ಸಿಗೆ ಒಂಬತ್ತು ಹಾಕಿಸುವ ಹುಡುಗರನ್ನು ‘ಯಾರ ನಂಬರ್ ಇದು?’ ಅಂತ ಕೇಳಿದರೆ ‘ನಂದೇ ಅಣ್ಣಾ’ ಅಂತಾರೆ. ಸರಿಯಾದ ಉತ್ತರವೇ, ಹೇಳಲು ಬೇರೆ ಹೆಸರು ಇದ್ದರೆ ತಾನೇ! ಐಎಸ್‌ಎಲ್ ಒಳ್ಳೆಯ ಲೀಗಾ ಕೆಟ್ಟದ್ದಾ ಅಂತ ನನ್ನನ್ನು ಕೇಳುವವರು ಮುಂದಿನ ಪಂದ್ಯದಲ್ಲಿ ಎರಡೂ ತಂಡದ ಸೆಂಟರ್ ಫಾರ್ವರ್ಡ್ ಯಾರು, ಯಾವ ದೇಶದವನು, ವಯಸ್ಸೆಷ್ಟು ಅಂತ ನೋಡಿಕೊಂಡು ಬನ್ನಿ. ಅಂಗಡಿ ರಾತ್ರಿ ಎಂಟರ ತನಕ ತೆರೆದಿರುತ್ತದೆ. ಜಗಳಕ್ಕೆ ದುಡ್ಡಿಲ್ಲ.