ಭಾರತ ಕೊಂಡೆ ಅಂದುಕೊಂಡಿದ್ದೆ

2020ರ ಕೊನೆಯಲ್ಲಿ ಅಮೆರಿಕದಲ್ಲಿರುವ ನನ್ನ 401ಕೆ ನಿವೃತ್ತಿ ಖಾತೆಯ ಒಂದು ಪಾಲನ್ನು ಎಮರ್ಜಿಂಗ್ ಮಾರ್ಕೆಟ್ ಇಂಡೆಕ್ಸ್ ಫಂಡಿಗೆ, ಅಂದರೆ ಭಾರತ, ಚೀನಾದಂಥ ಬೆಳೆಯುತ್ತಿರುವ ದೇಶಗಳ ಶೇರುಗಳನ್ನು ಒಂದು ಸೂಚ್ಯಂಕದ ಪ್ರಕಾರ ಕೊಳ್ಳುವ ಫಂಡಿಗೆ ಹಾಕಿದೆ. ಕಾರಣ ತಿಪಟೂರಿನಲ್ಲಿರುವ ಅಪ್ಪ. "ನಮ್ಮ ದೇಶ ಬೆಳೀತಿದೆ ಪುಟ್ಟಿ, ಅಲ್ಲೇ ಕೂತು ಇಲ್ಲಿಯದೂ ಸ್ವಲ್ಪ ತಗೋಬಾರ್ದಾ?" ಅಂತ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಿದ್ದರು. ಅಮೆರಿಕದಲ್ಲಿ ತೆರಿಗೆ ಕಟ್ಟುವವರು ಭಾರತದ ಮ್ಯೂಚುವಲ್ ಫಂಡ್ ಇಟ್ಟುಕೊಂಡರೆ ಪಿಎಫ್‌ಐಸಿ ಅನ್ನುವ, ಹೊರದೇಶದ ಫಂಡುಗಳ ಮೇಲಿನ ಅಮೆರಿಕದ ತೆರಿಗೆ ನಿಯಮದ ದೊಡ್ಡ ತಲೆನೋವು. ಹಾಗಾಗಿ ಈ ದಾರಿ ಹಿಡಿದೆ.

ಯಾವ ದೇಶಕ್ಕೆ ಎಷ್ಟು ಪಾಲು ಅಂತ ನೋಡಿದ್ದು ದುಡ್ಡು ಹಾಕಿದ ಮೇಲೆ. ನನ್ನ ಫಂಡು ಅನುಸರಿಸುವುದು ಎಂಎಸ್‌ಸಿಐ ಅನ್ನುವ ಕಂಪನಿ ಮಾಡುವ ಸೂಚ್ಯಂಕವನ್ನು, ಅಂದರೆ ಯಾವ ಶೇರು ಎಷ್ಟು ಅನ್ನುವ ಪಟ್ಟಿಯನ್ನು. ಅದರಲ್ಲಿ ಆಗ ಚೀನಾ ಒಂದೇ ಶೇ. 40ರ ಹತ್ತಿರ. ಭಾರತ ಶೇ. 10ಕ್ಕೂ ಕಡಿಮೆ. 2021ರ ಜುಲೈನಲ್ಲಿ ಚೀನಾ ಸರ್ಕಾರ, ಶಾಲೆಯ ಪಾಠ ಹೇಳಿಕೊಡುವ ಟ್ಯೂಷನ್ ಕಂಪನಿಗಳು ಲಾಭ ಮಾಡುವಂತಿಲ್ಲ ಎಂದಿತು. ಆ ಕಂಪನಿಗಳ ಶೇರು ಕುಸಿದು ಬಿದ್ದವು. ಅವು ವ್ಯಾಪಾರದಲ್ಲಿ ಸೋತಿರಲಿಲ್ಲ. ಒಂದು ಆದೇಶ ಬಂತು, ಅಷ್ಟೇ.

ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ರಷ್ಯಾ. ಯುಕ್ರೇನ್ ಯುದ್ಧಕ್ಕೆ ಮೊದಲು ಸೂಚ್ಯಂಕದಲ್ಲಿ ಅದರ ಪಾಲು ಶೇ. 3ರ ಆಸುಪಾಸು. 2022ರ ಫೆಬ್ರವರಿಯ ಕೊನೆಗೆ ಮಾಸ್ಕೋ ಶೇರುಪೇಟೆ ಬಾಗಿಲು ಹಾಕಿತು. ಹೊರಗಿನವರು ಮಾರುವ ಹಾಗೇ ಇಲ್ಲ. ಮಾರ್ಚ್ 9ಕ್ಕೆ ಎಂಎಸ್‌ಸಿಐ ರಷ್ಯಾವನ್ನು ಪಟ್ಟಿಯಿಂದ ಕಿತ್ತುಹಾಕಿತು, ಹೆಚ್ಚುಕಡಿಮೆ ಸೊನ್ನೆ ಬೆಲೆಗೆ. ಗ್ಯಾಸ್, ಎಣ್ಣೆ, ಬ್ಯಾಂಕು ಎಲ್ಲ ಇರುವ ಕಡೆಯೇ ಇದ್ದವು. ನಮ್ಮ ಪಾಲು ಮಾತ್ರ ಕೈಗೆ ಸಿಗದಂತಾಯಿತು. ಪೇಟೆ ಬಿದ್ದರೆ ಕಾಯಬಹುದು. ಬಾಗಿಲೇ ಹಾಕಿದರೆ ಏನಂತ ಕಾಯುವುದು? ಮೂರು ಶೇಕಡ ಹೋದರೆ ಬದುಕೇನೂ ಮುಳುಗುವುದಿಲ್ಲ, ನಿಜ. ಆದರೆ ಆ ರಾತ್ರಿ ನನ್ನ ತಲೆಯಲ್ಲಿ ಇದ್ದದ್ದು ಚೀನಾದ ಪಾಲು: ಅಷ್ಟು ದೊಡ್ಡದಕ್ಕೂ ಹೀಗೇ ಆದರೆ?

ಇನ್ನೊಂದು, ಯಾವ ದೇಶ 'ಎಮರ್ಜಿಂಗ್' ಅನ್ನುವುದನ್ನು ಸೂಚ್ಯಂಕ ಮಾಡುವ ಕಂಪನಿಯೇ ತೀರ್ಮಾನಿಸುತ್ತದೆ. ದಕ್ಷಿಣ ಕೊರಿಯಾ ಎಂಎಸ್‌ಸಿಐ ಲೆಕ್ಕದಲ್ಲಿ ಎಮರ್ಜಿಂಗ್, ಇಂಥದ್ದೇ ಇನ್ನೊಂದು ಕಂಪನಿ ಎಫ್‌ಟಿಎಸ್‌ಇ ಲೆಕ್ಕದಲ್ಲಿ ಮುಂದುವರಿದ ದೇಶ. ಹಾಗಾಗಿ ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ಫಂಡುಗಳಲ್ಲಿ ಒಂದರಲ್ಲಿ ಸ್ಯಾಮ್‌ಸಂಗ್ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ.

ರೂಪಾಯಿಯ ವಿಷಯ ಅಪ್ಪನಿಗೆ ಬಿಡಿಸಿ ಹೇಳಬೇಕಾಯಿತು. 2020ರ ಕೊನೆಗೆ ಡಾಲರಿಗೆ ಸುಮಾರು 73 ರೂಪಾಯಿ ಇತ್ತು, 2024ರ ಕೊನೆಗೆ 85 ದಾಟಿತು. ಊರಿನಲ್ಲಿ ಶೇರು ಏರಿದ್ದರಲ್ಲಿ ಒಂದಿಷ್ಟು ನನ್ನ ಖಾತೆಗೆ ಬರುವಷ್ಟರಲ್ಲೇ ಸವೆದಿರುತ್ತದೆ. "ಹಾಗಾದ್ರೆ ಕೊಬ್ಬರಿ ರೇಟು ನೋಡ್ದಂಗೆ ಡಾಲರ್ ರೇಟೂ ನೋಡ್ಬೇಕು ಅನ್ನು" ಅಂದರು.

ಫಂಡನ್ನು ನಾನು ಮಾರಿಲ್ಲ. ನಿವೃತ್ತಿ ದುಡ್ಡಿನ ಶೇ. 5 ಮೀರದ ಹಾಗೆ ಇಟ್ಟುಕೊಂಡಿದ್ದೇನೆ, ಹತ್ತು ವರ್ಷ ಮುಟ್ಟುವುದಿಲ್ಲ. ಮೂರು ತಿಂಗಳಿಗೊಮ್ಮೆ ದೇಶಗಳ ಪಟ್ಟಿ ತೆರೆದು ನೋಡುತ್ತೇನೆ. ಈಗ ಚಿಪ್ ಮಾಡುವ ತೈವಾನಿನ ಟಿಎಸ್‌ಎಂಸಿ ಕಂಪನಿ ಒಂದೇ ಹತ್ತನೇ ಒಂದಕ್ಕೂ ಹೆಚ್ಚು ಪಾಲು ಹಿಡಿದು ಕೂತಿದೆ. ಅದಕ್ಕೇ ಈ ವರ್ಷ ಹೊಸದಾಗಿ ಹಾಕಿಲ್ಲ.